ಪಾಚಿಮನೆ ಪಾರುಪತ್ಯ

ಮಾಡೋ ಕೆಲಸ ಇಂಥದ್ದು ಅಂತ ಒಂದೇ ಮಾತಿನಲ್ಲಿ ಹೇಳೋಕೆ ಬರದವರನ್ನು ನಗೆಪಾಟಲು ತಾನಾಗೇ ಹುಡುಕಿಕೊಂಡು ಬರುತ್ತದೆ. ನನ್ನದು ಪಾಚಿ ಸಾಕೋ ಕೆಲಸ. ಹುಣಸೂರಿನ ಹೊರಗೆ ಒಂದು ಸಂಶೋಧನಾ ಕೇಂದ್ರದಲ್ಲಿ, ಒಂದೇ ಜೀವಕೋಶದ ಹಸಿರು ಪಾಚಿಯ ನೂರಾರು ತಳಿಗಳನ್ನು ಗಾಜಿನ ನಳಿಕೆಗಳಲ್ಲಿ ಉಳಿಸಿಕೊಂಡು ಬರುತ್ತೇವೆ. ಬಿಡಿಬಿಡಿಯಾಗಿ ಕಣ್ಣಿಗೆ ಕಾಣಲ್ಲ. ಕೋಟಿ ಸೇರಿದರೆ ಒಂದು ಹಸಿರು ಗೀಟು. ಯಾವ ಊರಿನ ಸಂಶೋಧಕರು ಕೇಳಿದರೂ ಚೂರು ಕಳಿಸುತ್ತೇವೆ, ಪಕ್ಕದ ಮನೆಗೆ ಮೊಸರಿನ ಹೆಪ್ಪು ಕೊಟ್ಟ ಹಾಗೆ. ತಿಂಗಳು ತಿಂಗಳೂ ಹೊಸ ನಳಿಕೆಗೆ ದಾಟಿಸದಿದ್ದರೆ ಸತ್ತೇಹೋಗುತ್ತವೆ. ಹಾಗಾಗಿ ಊರು, ಹಬ್ಬ, ನೆಂಟರು ಎಲ್ಲ ನನಗೆ ಫೋನಿನಲ್ಲೇ.

೧. ಒಂದೇ ಸಾಕು

ಒಂದು ಬೆಳಗ್ಗೆ ಹಾರನಹಳ್ಳಿ ಕಡೆಯ ರೈತರೊಬ್ಬರು ಗೇಟಿನ ಹತ್ತಿರ ಎರಡು ಬಕೆಟ್ ಇಟ್ಟುಕೊಂಡು ನಿಂತಿದ್ದರು. ಎರಡರಲ್ಲೂ ಅಂಚಿನ ತನಕ ಪಾಚಿ.

“ಪಾಚಿ ಮಡಗ್ತೀರಂತಲ್ಲವ್ವಾ. ನಮ್ಮ ತೊಟ್ಟೀಲಿ ಬೇಕಾದಂಗೆ ಅದೆ. ಎಮ್ಮೆ ಆ ನೀರಿಗೆ ಮೂತೀನೇ ಇಡ್ತಿಲ್ಲ.”

“ಇದಲ್ಲ ಯಜಮಾನ್ರೇ. ನಮ್ಮದು ಒಂದೇ ಜೀವಕೋಶದ್ದು.”

ಅವರು ಬಕೆಟನ್ನೂ ನೋಡಿದರು, ನನ್ನನ್ನೂ ನೋಡಿದರು. “ಅಂಗಾರೆ ಒಂದೇ ಎತ್ಕಳಿ. ಮಿಕ್ಕಿದ್ದ ವಾಪಸ್ ಒಯ್ತೀನಿ.”

೨. ಬಾಲದ ತಕರಾರು

ಕೆ.ಆರ್. ನಗರದ ಕಾಲೇಜಿನ ಮೇಷ್ಟ್ರೊಬ್ಬರು ಎರಡು ತಳಿ ಕೇಳಿದ್ದರು. ಪಾರ್ಸೆಲ್ ಕಟ್ಟಿಕೊಂಡು ಅಂಚೆ ಕಚೇರಿಗೆ ಹೋದೆ.

“ಒಳಗೇನಿದೆ ಮೇಡಂ?” ಅಂದರು ಕೌಂಟರಿನವರು.

“ಜೀವಂತ ಪಾಚಿ ಸಾರ್. ಬಿಸಿಲು ಕುಡಿದು ಬದುಕುತ್ತೆ, ಗಿಡದ ಥರಾನೇ. ಎರಡು ಬಾಲ ಬಡಿದು ಈಜುತ್ತೆ, ಅಷ್ಟೆ.”

ಕೊನೆಯದನ್ನು ಹೇಳಬಾರದಿತ್ತು. ಅವರು ಎತ್ತಿದ್ದ ಮೊಹರನ್ನು ಕೆಳಗಿಟ್ಟರು. ಪಾರ್ಸೆಲನ್ನು ನನ್ನ ಕಡೆಗೇ ಸರಿಸಿ ಹೇಳಿದರು: “ಒಂದು ಬಾಲ ಆಗಿದ್ರೆ ಹೆಂಗೋ ಅಡ್ಜಸ್ಟ್ ಮಾಡಬಹುದಿತ್ತು. ಎರಡು ಅಂದ್ರೆ ಕಷ್ಟ.”

ನಾನೇ ತಗೊಂಡು ಹೋಗೋದು ಅಂತ ಬಸ್‌ಸ್ಟ್ಯಾಂಡಿಗೆ ಬಂದೆ. ಎಚ್.ಡಿ. ಕೋಟೆ ಬಸ್ ಹೊರಡುತ್ತಿತ್ತು. ಹತ್ತಿ ಕೂತರೆ ಊಟದ ಹೊತ್ತಿಗೆ ಅಕ್ಕನ ಮನೆ. ಅವಳನ್ನು ನೋಡಿ ವರ್ಷದ ಮೇಲಾಗಿತ್ತು. ಅದನ್ನೇ ನೋಡುತ್ತಾ ನಿಂತುಬಿಟ್ಟೆ. ಕಂಡಕ್ಟರ್ ಕೂಗಿದ, “ಕೋಟೆ, ಕೋಟೆ! ಬತ್ತೀರೇನಮ್ಮಾ?”

ಬಾಯಿಗೆ ಬಂದದ್ದು ಒಂದೇ. “ಇಲ್ಲ, ಪಾಚಿ ಇದೆ.”

“ಜಾರಲ್ಲ ಬನ್ನಿ, ಈಗ್ತಾನೆ ತೊಳ್ಸಿದೀವಿ!”

೩. ಕೋಟಿ ಅತ್ತೆಯರು

ಅವ್ವ ಹೋದ ಮೇಲೆ, ರಾವಂದೂರು ಹತ್ತಿರದ ನಮ್ಮೂರಲ್ಲಿ ನನ್ನನ್ನು ಸಾಕಿ ಓದಿಸಿದವಳು ಅಕ್ಕ. ನಮಗೆ ಅಣ್ಣತಮ್ಮ ಇಲ್ಲ. ಗೌರಿ ಹಬ್ಬಕ್ಕೆ ಅವಳಿಗೆ ತವರಿನ ಬಾಗಿನ ಒಯ್ಯಬೇಕಾದವಳು ನಾನೇ. ಈ ಸಲ ರಜೆ ಮಂಜೂರಾಗಿ, ಬಳೆ, ಅರಿಶಿನ ಕುಂಕುಮ, ರವಿಕೆ ಕಣ ಎಲ್ಲ ಚೀಲಕ್ಕೆ ತುಂಬಿದ್ದೆ. ಹಬ್ಬದ ಹಿಂದಿನ ದಿನ ಪಾಚಿ ಕೋಣೆಯ ಎ.ಸಿ. ಕೆಟ್ಟಿತು. ನಳಿಕೆಗಳನ್ನೆಲ್ಲ ತಂಪಿರುವ ಕಡೆಗೆ ಸಾಗಿಸಿ ಕಾಯಬೇಕಾಯಿತು.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. “ಓಗ್ಲಿ ಬುಡು ಮಗಾ,” ಅಂದಳು. “ನಂಗೆ ಒಬ್ಬಳೇ ಅತ್ತೆ, ಅಷ್ಟಕ್ಕೇ ಸಾಕಾಗದೆ. ನಿಂಗೆ ಕೋಟಿ ಅತ್ತೇರು ಕಣೇ!”

ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ಬಾಗಿನದ ಚೀಲವನ್ನು ಹಾಗೇ ಎತ್ತಿಟ್ಟೆ.

೪. ಫಳಫಳ

ಮರುವಾರ ಅಕ್ಕನೇ ಬಂದಿಳಿದಳು, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಗಂಟು ಕಟ್ಟಿಕೊಂಡು. “ತವರು ನನ್ತಾವ ಬರ್ಲಿಲ್ಲ. ನಾನೇ ತವರ್ತಾವ ಬಂದೆ.”

ಅವತ್ತು ತಳಿ ದಾಟಿಸೋ ಕೆಲಸ. ಒಂದು ರ‍್ಯಾಕ್ ನಳಿಕೆಗಳನ್ನು ಮೇಜಿನ ಮೇಲೆ ಇಳಿಸಿಟ್ಟಿದ್ದೆ. ಅಷ್ಟರಲ್ಲಿ ನಮ್ಮ ಮುಖ್ಯಸ್ಥೆ ಮೇಡಂ ಕರೆದರು. “ಐದೇ ನಿಮಿಷ, ಕೂತಿರಕ್ಕ,” ಅಂತ ಸ್ಟೂಲ್ ಕೊಟ್ಟು ಹೋದೆ. ಅರ್ಧ ಗಂಟೆ ಆಯಿತು.

ವಾಪಸ್ ಬಂದಾಗ ಅಕ್ಕ ಸೆರಗು ಸಿಕ್ಕಿಸಿಕೊಂಡು ಸಿಂಕಿನ ಮುಂದೆ ನಿಂತಿದ್ದಳು. ಇಡೀ ರ‍್ಯಾಕಿನ ನಳಿಕೆಗಳು ಬಟ್ಟೆ ಮೇಲೆ ಬೋರಲಾಗಿ ಫಳಫಳ ಹೊಳೆಯುತ್ತಿದ್ದವು.

“ಪಾಪ, ಸೀಸೆ ತೊಳೆಯಾಕೂ ಪುರ್ಸೊತ್ತಿಲ್ವಲ್ಲ ನಿಂಗೆ. ಎಲ್ಲಾ ಪಾಚಿ ಕಟ್ಬುಟ್ಟಿದ್ವು. ಉಜ್ಜಿ ಮಡಗಿದೀನಿ.”

“ಅಕ್ಕಾ, ಆ ಪಾಚೀನೇ ನನ್ನ ಕೆಲಸ,” ಅಂದೆ. ವಿಷಯ ತಿಳಿದಾಗ ಅಕ್ಕ ಸಿಕ್ಕಿಸಿದ್ದ ಸೆರಗು ಬಿಚ್ಚಿ ಕೈ ಒರೆಸಿಕೊಂಡಳು. “ಕೆಲ್ಸ ಓಯ್ತದಾ ಮಗಾ?”

ಮೇಡಂ ಬಂದರು. ಒಂದು ನಳಿಕೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಇದೇ ತಳಿಗಳ ಇನ್ನೊಂದು ಜೊತೆ ಪಕ್ಕದ ಕೋಣೇಲಿದೆ, ಅದರಿಂದ ಮತ್ತೆ ಬೆಳೆಸಿ. ಇನ್ನು ಮೇಲೆ ಕೋಣೆಗೆ ಬೀಗ ಹಾಕಿ ಹೋಗಿ.” ಬಾಗಿಲ ತನಕ ಹೋಗಿ ತಿರುಗಿದರು. “ಒಂದು ಮಾತು. ಈ ಕೇಂದ್ರದಲ್ಲಿ ಇವತ್ತಿನವರೆಗೂ ಯಾರೂ ಇಷ್ಟು ಚೆನ್ನಾಗಿ ತೊಳೆದಿಲ್ಲ.”

ತಪ್ಪಿಗೆ ಪ್ರಾಯಶ್ಚಿತ್ತ ಅಂತ ಅಕ್ಕ ನಾಲ್ಕು ದಿನ ನಿಂತಳು. ನಳಿಕೆಯ ಬಾಯಿಗೆ ಹತ್ತಿಯ ಬಿರಡೆ ಬೇಕು. ಹೊಲದಲ್ಲಿ ಹತ್ತಿ ಬೆಳೆಯುವವಳು, ಕೂತಲ್ಲೇ ರಾಶಿ ರಾಶಿ ಸುತ್ತಿ ಕೊಟ್ಟಳು. ನಾನು ತಳಿ ದಾಟಿಸುತ್ತಿದ್ದೆ, ಅವಳು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಸಂಜೆ ರೂಮಿನಲ್ಲಿ ಬಾಗಿನದ ಬಳೆಗಳನ್ನು ತೊಡಿಸಿದಾಗ ಕೈ ಅಲ್ಲಾಡಿಸಿ ಸದ್ದು ಕೇಳಿಸಿಕೊಂಡಳು. ಅವಳ ಮದುವೆಯಾದ ಮೇಲೆ ನಾವು ನಾಲ್ಕು ದಿನ ಒಟ್ಟಿಗೆ ಇದ್ದದ್ದೇ ಇರಲಿಲ್ಲ.

ಐದನೇ ದಿನ ಬಸ್ ಹತ್ತಿಸಿದೆ. ಬಸ್ ಅಲುಗಿತು. ಅಕ್ಕ ಕಣ್ಣು ಒರೆಸಿಕೊಳ್ಳುತ್ತಾ ಕಿಟಕಿಯಿಂದ ಬಗ್ಗಿ, ಬಸ್‌ಸ್ಟ್ಯಾಂಡಿಗೆಲ್ಲ ಕೇಳೋ ಹಾಗೆ ಕೂಗಿದಳು:

“ಮುಂದಿನ ಸಲ ಯಾವ ರ‍್ಯಾಕ್ ತೊಳೀಲೇ?”