ಹಾಡುಗಾರ್ತಿಯ ಗುಣಮಟ್ಟ ಪರೀಕ್ಷೆ

ಪರೀಕ್ಷೆ ಮಾಡದೆ ಏನನ್ನೂ ಒಪ್ಪಕೂಡದು! ಹಾಸಿಗೆ ಅಂಗಡಿಯ ಸೇಲ್ಸ್‌ಮನ್ ತನ್ನ ಬಾಳಿಗೇ ಹಾಕಿಕೊಂಡ ಕಟ್ಟಳೆ ಇದು. ಅಂಗಡಿಗೆ ಬಂದ ಗಿರಾಕಿಯನ್ನು ಮಲಗಿಸದೆ ಬಿಟ್ಟವನೇ ಅಲ್ಲ ಆತ. "ಚಪ್ಪಲಿ ಬಿಡಿ, ಮಲಗಿ, ಮಗ್ಗುಲು ಬದಲಾಯ್ಸಿ, ಕಣ್ಣು ಮುಚ್ಚಿ. ಆಮೇಲೆ ಮಾತು!" ಹಾಗೆ ಮಲಗಿದ ಒಬ್ಬರು ಅಂಗಡಿ ಮುಚ್ಚುವ ಹೊತ್ತಿಗೆ ಎದ್ದು, ಒಂದು ದಿಂಬನ್ನೂ ಕೊಳ್ಳದೆ, ಕೈಕುಲುಕಿ ಹೋದದ್ದುಂಟು. ಆತನ ನಂಬಿಕೆ ಮಾತ್ರ ಅಲ್ಲಾಡಲಿಲ್ಲ.

ಇಂಥ ಮಹಾಪರೀಕ್ಷಕನಿಗೆ ಒಂದು ಸೋಮವಾರ ಕ್ಯಾಷಿಯರ್ ಮೇಡಂ ಗಲ್ಲಾದ ಹಿಂದಿನಿಂದ ತಮ್ಮ ಫೋನು ಚಾಚಿ ತೋರಿಸಿದರು.

"ಈ ಹುಡುಗಿ ನಮ್ಮೂರಿಗೆ ಬರ್ತಿದ್ದಾಳೆ ನೋಡಿ. ಗಿಟಾರು, ಅಗಲ ಟೋಪಿ, ಉದ್ದ ಬೂಟು. ಪಾಪ್ ಹಾಡೇ, ಆದ್ರೆ ಹಳ್ಳಿಗಾಡಿನ ಧಾಟಿ. ಹೋಗಿ ಎದುರಿಗೇ ಕೂತು ಕೇಳೋವಷ್ಟು ಚೆನ್ನಾಗಿ ಹಾಡ್ತಾಳಾ? ಏನಂತೀರಿ?"

"ದಿಢೀರ್ ಅಂತ ಹೇಳೋಕಾಗಲ್ಲ ಮೇಡಂ. ಮಾಲು ನೋಡ್ಬೇಕು."

"ಹಾಡೋಳು ರೀ ಅವಳು, ಮಾಲಲ್ಲ!"

"ಯಾವುದಾದ್ರೂ ಅಷ್ಟೇ. ಕೂಲಂಕಷವಾಗಿ ಪರೀಕ್ಷೆ ಮಾಡಿ ವರದಿ ಕೊಡ್ತೀನಿ."

ಮೇಡಂ ಚಾಚಿದ್ದ ಫೋನನ್ನು ಹಿಂದಕ್ಕೆ ಎಳೆದುಕೊಂಡರು. "ಬೇಗ ಹೇಳಿ ಮತ್ತೆ" ಎಂದು ಬಿಲ್ಲಿನ ಮಷೀನಿಗೆ ಕಾಗದದ ಸುರುಳಿ ಹಾಕತೊಡಗಿದರು.

ಈ ಉತ್ಸಾಹದ ಹಿಂದೆ ಒಂದು ಒಳಗುಟ್ಟಿತ್ತು. ಸಂಜೆ ಅಂಗಡಿಯ ಬಾಗಿಲು ಎಳೆದರೆ ಮರುದಿನ ಅದನ್ನು ತೆಗೆಯುವವರೆಗೆ ಆತನನ್ನು ಮಾತಾಡಿಸುವ ಜೀವವೇ ಇರಲಿಲ್ಲ. ಊರಿಗೆಲ್ಲ ಜೋಡಿ ಹಾಸಿಗೆ ಮಾರುವ ಮಹಾಶಯನ ಮನೆಯಲ್ಲಿ ಇದ್ದದ್ದು ಒಂಟಿ ಮಂಚ! ಹಾಡುಗಾರ್ತಿ ಯೋಗ್ಯಳೆಂದು ಸಾಬೀತಾದರೆ, "ಹಾಗಾದ್ರೆ ಒಟ್ಟಿಗೇ ಹೋಗೋಣ್ವಾ?" ಎಂದು ಮೇಡಂ ಅವರನ್ನು ಕೇಳಬಹುದಲ್ಲ! ಸುಮ್ಮನೆ ಹೋಗಿ ಕೇಳುವ ಎದೆಗಾರಿಕೆ ಆತನಿಗಿಲ್ಲ. ಕೈಯಲ್ಲೊಂದು ವರದಿಯಿದ್ದರೆ ಬಾಯಿಗೆ ಧೈರ್ಯ ಬಂದೀತು ಎಂಬ ಲೆಕ್ಕಾಚಾರ.

ಪರೀಕ್ಷೆ ಶುರುವಾಯಿತು. ಬಸ್ಸಿನಲ್ಲಿ, ಗೋದಾಮಿನಲ್ಲಿ, ಊಟದ ಡಬ್ಬಿಯ ಮುಂದೆ, ಎಲ್ಲೆಲ್ಲೂ ಕಿವಿಯಲ್ಲಿ ಅವಳದೇ ಹಾಡು. ಮೊದಲ ಹಾಡಿನಲ್ಲಿ ಪ್ರಿಯಕರ ಟ್ರಕ್ಕು ಹತ್ತಿ ಹೋದ. ಎರಡನೆಯದರಲ್ಲಿ ಟ್ರಕ್ಕು ಕೆಟ್ಟು ನಿಂತಿತು. ಮೂರನೆಯದರಲ್ಲಿ ಟ್ರಕ್ಕು ರಿಪೇರಿಯಾಯಿತು, ಪ್ರಿಯಕರ ಮಾತ್ರ ಬರಲಿಲ್ಲ!

"ಏನಾಯ್ತು ರೀ?" ಗುರುವಾರ ಮೇಡಂ ವಿಚಾರಿಸಿದರು.

"ನಡೀತಾ ಇದೆ."

"ಅವಳು ಬಂದು ವಾಪಸ್ ಹೋಗೋದ್ರೊಳಗೆ ಮುಗಿಯುತ್ತೆ ತಾನೇ?"

"ಅವಸರ ಮಾಡಿ ಆರಿಸಿದ್ರೆ ಆಮೇಲೆ ಬೆನ್ನುನೋವು ಮೇಡಂ!"

ಆದರೆ ಎದುರಿಗೆ ಕೂತು ಕೇಳುವ ಹಾಡನ್ನು ಫೋನಿನಲ್ಲಿ ಕೇಳಿ ತೀರ್ಮಾನಿಸುವುದೆ? ಫೋಟೋ ನೋಡಿ ಹಾಸಿಗೆ ಕೊಂಡಂತಾಯಿತು! ಆದ್ದರಿಂದ ಶನಿವಾರ ಸಂಜೆ ಮನೆಯಲ್ಲೇ ಹಾಡಿನ ಕಛೇರಿ ಏರ್ಪಾಡಾಯಿತು. ರಿಯಾಯಿತಿ ಮಾರಾಟದ ದಿನಗಳಲ್ಲಿ ಅಂಗಡಿಯ ಮುಂದೆ ಕೂಗಿಸುವ ದೊಡ್ಡ ಸ್ಪೀಕರನ್ನು ಹೊತ್ತು ತಂದ. ಮೇಜಿನ ದೀಪಕ್ಕೆ ಕೆಂಪು ದಿಂಬಿನ ಚೀಲ ಹೊದಿಸಿದ. ರಂಗ ಸಜ್ಜು! ಎದುರಿಗೆ ಎರಡು ಕುರ್ಚಿ ಹಾಕಿ, ಒಂದರಲ್ಲಿ ತಾನು ಕೂತ.

ದೀಪ ಹಚ್ಚಿಟ್ಟು ಬಾಗಿಲು ಕಾಯುವ ಹೆಂಗಸಿನ ಹಾಡು ಬಂತು. ಆತನಿಗೆ ಪರೀಕ್ಷೆ ಮರೆತೇ ಹೋಯಿತು. ಮುಗಿದಾಗ ಎದ್ದು ನಿಂತು ಚಪ್ಪಾಳೆ ಹೊಡೆದ. ಒಬ್ಬನ ಚಪ್ಪಾಳೆ ಕೋಣೆಯೊಳಗೆ ಅದೆಷ್ಟು ಬಡವಾಗಿ ಕೇಳುತ್ತದೆಂದು ಆತನಿಗೆ ಅಂದೇ ತಿಳಿದದ್ದು. ತಡೆಯಲಾರದೆ ಸದ್ದು ಏರಿಸಹೋದ. ಅವಸರದಲ್ಲಿ ಬೆರಳು ಪಕ್ಕದ ಗುಂಡಿಗೆ ಬಿತ್ತು.

"ಬನ್ನಿ ಬನ್ನಿ! ಇಬ್ಬರ ಹಾಸಿಗೆ ಒಬ್ಬರ ಬೆಲೆಗೆ! ಇವತ್ತು ಒಂದೇ ದಿನ! ಬಂದು ಮಲಗಿ ನೋಡಿ!"

ಮಾರಾಟಕ್ಕೆಂದು ಸ್ಪೀಕರಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ಆತನದೇ ಕಂಠ, ಬೀದಿ ಅದುರುವ ಹಾಗೆ! ಗುಂಡಿ ಒಳಗೇ ಸಿಕ್ಕಿಕೊಂಡಿತು. ಒತ್ತಿದ, ಗುದ್ದಿದ, ಕೈಮುಗಿದ. ಸ್ಪೀಕರ್ ಇಡೀ ಬೀದಿಯನ್ನು ಮಲಗಲು ಕರೆಯುತ್ತಲೇ ಇತ್ತು. ಅಷ್ಟರಲ್ಲಿ ಸುಟ್ಟ ವಾಸನೆ. ತಿರುಗಿ ನೋಡಿದರೆ ದಿಂಬಿನ ಚೀಲದಿಂದ ಹೊಗೆ!

ಬಾಗಿಲು ದಡದಡ ಬಡಿದ ಸದ್ದು. ತೆಗೆದರೆ ಕೆಳಮನೆಯ ಡ್ರಾಯಿಂಗ್ ಮೇಷ್ಟ್ರು, ಅವರ ಹಿಂದೆ ಬಕೆಟ್ಟು ಹಿಡಿದ ಅವರ ಹೆಂಡತಿ.

"ಏನ್ರೀ ಇದು, ಮರ್ಯಾದಸ್ಥರ ಬೀದೀಲಿ!" ಎಂದರು ಮೇಷ್ಟ್ರು. ಹೆಂಡತಿ ಬಕೆಟ್ಟಿನ ನೀರು ಎರಚಿಯೇಬಿಟ್ಟರು. ದೀಪಕ್ಕೆ ಸ್ವಲ್ಪ, ಸ್ಪೀಕರಿಗೆ ಸ್ವಲ್ಪ, ಉಳಿದದ್ದೆಲ್ಲ ಆತನಿಗೆ! "ಇಬ್ಬರ ಹಾಸಿ..." ಎಂದು ಸ್ಪೀಕರ್ ಕೊನೆಯುಸಿರೆಳೆಯಿತು. ಫ್ಯೂಸು ಹೋಗಿ ಮನೆಯೆಲ್ಲ ಕತ್ತಲಾಯಿತು.

"ಯಾರು ನೀವು?" ಕತ್ತಲಲ್ಲಿ ಮೇಷ್ಟ್ರ ದನಿ.

"ಈ ಮನೆಯವನೇ ಸಾರ್. ನಾಲ್ಕು ವರ್ಷದಿಂದ ಇದ್ದೀನಿ."

"ಹೌದಾ? ಇದು ಖಾಲಿ ಮನೆ ಅಂದ್ಕೊಂಡಿದ್ವಲ್ಲೇ ನಾವು!" ಎಂದು ಅವರು ಹೆಂಡತಿಗೆ ಹೇಳಿದರು.

ಬಕೆಟ್ಟಿನ ನೀರಿಗಿಂತ ಆ ಮಾತೇ ಹೆಚ್ಚು ಕೊರೆಯಿತು. ಅವರು ಹೋದ ಮೇಲೆ ಆತ ಒದ್ದೆ ಅಂಗಿಯಲ್ಲೇ ಎರಡೂ ಕುರ್ಚಿ ಎತ್ತಿಟ್ಟ. ಏನಾದರಾಗಲಿ, ಮೇಡಂ ಅವರನ್ನು ಕೇಳಿಯೇಬಿಡುವುದು ಎಂದು ಗಟ್ಟಿಮಾಡಿಕೊಂಡ.

ಸೋಮವಾರ, ಸೀನುತ್ತ ಗಲ್ಲಾದ ಮುಂದೆ ಹಾಜರಾದ.

"ವರದಿ ಸಿದ್ಧ ಮೇಡಂ! ದನಿ ಗಟ್ಟಿ, ದುಃಖ ಅಸಲಿ, ಟ್ರಕ್ಕು ಮಾತ್ರ ಸ್ವಲ್ಪ ಜಾಸ್ತಿ. ಖಂಡಿತ ನೋಡ್ಲೇಬೇಕಾದವಳು! ಆದ್ದರಿಂದ ನಾನು... ಅಂದ್ರೆ ನಾವಿಬ್ರೂ..."

"ಶನಿವಾರ ಸಂಜೇನೇ ಹಾಡಿ ಹೋದಳಲ್ರೀ."

ಗುಣ ನೋಡುವ ಭರದಲ್ಲಿ ದಿನ ನೋಡುವುದನ್ನೇ ಮರೆತಿದ್ದ ಪಂಡಿತ!

"ನೀವು... ಹೋಗಿದ್ರಾ?"

"ಎರಡು ಟಿಕೆಟ್ ತಗೊಂಡೇ ನಿಮ್ಮನ್ನ ಕೇಳಿದ್ದು. ನೀವು ಪರೀಕ್ಷೆಗೆ ಹೊರಟ್ರಿ. ಪಕ್ಕದ ಕುರ್ಚೀಲಿ ನನ್ನ ಬ್ಯಾಗು ಕೂತಿತ್ತು."

ಆತ ಹತ್ತಿರದ ಹಾಸಿಗೆಯ ಮೇಲೆ ಕುಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ.

"ಹೇಗಿದ್ದಳು?" ಎಂದು ಕ್ಷೀಣವಾಗಿ ಕೇಳಿದ.

"ಚೆನ್ನಾಗೇ ಹಾಡಿದಳು. ಕೊನೇ ಹಾಡಿಗೆ ಎಲ್ರೂ ಪಕ್ಕದವರ ಹೆಗಲ ಮೇಲೆ ಕೈ ಹಾಕ್ಕೊಂಡು ತೂಗಾಡಿದ್ರು. ನಾನು ಬ್ಯಾಗು ತಬ್ಕೊಂಡು ತೂಗಾಡಿದೆ." ಮೇಡಂ ನಗಲು ನೋಡಿದರು, ನಗು ಅರ್ಧಕ್ಕೇ ನಿಂತಿತು. "ಮುಂದಿನ ಸಲ ನಾನೇನಾದ್ರೂ ಕೇಳಿದ್ರೆ ಹೂಂ ಅನ್ನಿ, ಇಲ್ಲ ಊಹೂಂ ಅನ್ನಿ. ವರದಿ ಬೇಡ!"

"ಹೂಂ!" ಎಂದ ಆತ, ತಟ್ಟನೆ ಎದ್ದು ನಿಂತು.

"ನಾನಿನ್ನೂ ಏನೂ ಕೇಳೇ ಇಲ್ವಲ್ರೀ!"