ಕಣಕಾಲಿನ ಡಿಸ್ಚಾರ್ಜ್

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಪೆನ್ಸಿಲಿನಲ್ಲಿ ಹಾಕಿದ ಒಂದು ರೈಟ್ ಗುರುತು.

ಸೈನ್ಯದ ತರಬೇತಿ ಶಿಬಿರದ ಆಸ್ಪತ್ರೆ ವಾರ್ಡಿನಲ್ಲಿ ಹೆಸರು ಕೇಳುವವರಿಲ್ಲ. ಮೈಯಲ್ಲಿ ಯಾವುದು ಕೆಟ್ಟಿದೆಯೋ ಅದೇ ಹೆಸರು. ಕಿಟಕಿಯ ಪಕ್ಕದವನು ಮಂಡಿ, ಎದುರಿನವನು ಭುಜ. ನಮ್ಮವನು ಕಣಕಾಲು. ಹತ್ತು ವಾರದ ತರಬೇತಿಯಲ್ಲಿ ಒಂಬತ್ತು ವಾರ ಹಲ್ಲು ಕಚ್ಚಿಕೊಂಡು ಗೋಡೆ ಹಾರಿ, ಕೆಸರಲ್ಲಿ ತೆವಳಿ, ಕೊನೆಗೆ ಬಚ್ಚಲಲ್ಲಿ ಸೋಪು ತುಳಿದು ಕಣಕಾಲಿನ ಎಲುಬು ಮುರಿದುಕೊಂಡಿದ್ದ ಪುಣ್ಯಾತ್ಮ. ಟೈಪಿಂಗ್, ಹೊಲಿಗೆ, ಡ್ರೈವಿಂಗ್ ಎಲ್ಲವನ್ನೂ ಅರ್ಧಕ್ಕೇ ಬಿಟ್ಟವನು ಅವನು. "ಇದೊಂದನ್ನ ಮುಗಿಸಿಯೇ ಬರ್ತೀನಮ್ಮ" ಎಂದು ತಾಯಿಗೆ ಮಾತು ಕೊಟ್ಟು ಬಂದಿದ್ದ.

ಬೆಳಿಗ್ಗೆ ಗುಮಾಸ್ತ ಅರ್ಜಿಯೊಂದನ್ನು ಕೊಟ್ಟು ಹೋದ. ಅದರಲ್ಲಿ ಎರಡೇ ಚೌಕ. ಒಂದು 'ಡಿಸ್ಚಾರ್ಜ್', ಇನ್ನೊಂದು 'ಚೇತರಿಕೆ ತುಕಡಿ'.

"ಡಿಸ್ಚಾರ್ಜ್ ತಗೊಳೋ," ಎಂದ ಮಂಡಿ. "ನಮ್ಮ ಚಿಕ್ಕಮ್ಮಂಗೆ ಹೊಟ್ಟೆ ಆಪರೇಷನ್ ಆದಾಗ ಮೂರೇ ದಿನಕ್ಕೆ ಡಿಸ್ಚಾರ್ಜ್ ಕೊಟ್ರು. ನಾಲ್ಕನೇ ದಿನ ಬಟ್ಟೆ ಒಗೀತಾ ಇದ್ರು."

"ಹೌದು ಮತ್ತೆ. ಈ ಮಂಚಕ್ಕೆ ಎಷ್ಟು ದಿನ ಅಂಟ್ಕೊಂಡಿರ್ತೀಯ?" ಎಂದು ಭುಜ ತಾಳ ಹಾಕಿದ.

ಕಣಕಾಲಿಗೆ ಮಾತು ಸರಿಯೆನಿಸಿತು. ರೈಟ್ ಹಾಕಿ ಕಳಿಸಿಬಿಟ್ಟ.

ಮಧ್ಯಾಹ್ನ ಗುಮಾಸ್ತ ಮತ್ತೆ ಬಂದ. "ಬೂಟು, ಬೆಲ್ಟು ವಾಪಸ್ ಕೊಡಪ್ಪ. ನಾಳೆ ಊರಿಗೆ ಹೊರಡ್ಬೋದು."

"ಊರಿಗಾ? ವಾರ್ಡಿಂದ ತಾನೇ ಡಿಸ್ಚಾರ್ಜು?"

"ಸೈನ್ಯದಿಂದ ಕಣಯ್ಯ."

ಕಣಕಾಲು ಸಲಹೆ ಕೊಟ್ಟವರ ಕಡೆ ತಿರುಗಿದ. ಮಂಡಿ, ಭುಜ ಇಬ್ಬರೂ ಚಾವಣಿಯಲ್ಲಿ ಹಲ್ಲಿ ಹುಡುಕತೊಡಗಿದರು.

ಗುಮಾಸ್ತನಿಗೆ ಪಾಪ ಅನ್ನಿಸಿತು. ಚೇತರಿಕೆ ತುಕಡಿ ಎಂದರೆ ಇದೇ ವಾರ್ಡಿನಲ್ಲಿ ಆರು ವಾರ ವಿಶ್ರಾಂತಿ, ಆಮೇಲೆ ಉಳಿದ ಒಂದು ವಾರ ಮುಗಿಸಿದರೆ ಸಮವಸ್ತ್ರ ಖಾಯಂ ಎಂದು ಬಿಡಿಸಿ ಹೇಳಿದ. "ಆದ್ರೆ ಅರ್ಜಿ ಮಹಡಿ ಮೇಲಿರೋ ಸಾಹೇಬರ ಕೋಣೆಗೆ ಹೋಗ್ಬಿಟ್ಟಿದೆ. ಐದು ಗಂಟೆಗೆ ಮೊಹರು ಬೀಳುತ್ತೆ. ಅಷ್ಟರಲ್ಲಿ ನಿಮ್ಮ ಕವಾಯತು ಮೇಷ್ಟ್ರು ಬಂದು, ಈ ಹುಡುಗ ಬೇಕು ಅಂತ ಸಹಿ ಹಾಕ್ಬೇಕು."

ಕವಾಯತು ಮೇಷ್ಟ್ರನ್ನು ಹುಡುಗರು ಗುಡುಗು ಎನ್ನುತ್ತಿದ್ದರು. ಒಂಬತ್ತು ವಾರವೂ ಆ ಗುಡುಗು ಹೆಚ್ಚಾಗಿ ಬಿದ್ದದ್ದು ಕಣಕಾಲಿನ ತಲೆಯ ಮೇಲೆಯೇ. ಆರು ವಾರ ಆ ದನಿ ಕೇಳದೆ ಮಲಗುವ ಸುಖ ನೆನೆದೇ ಅವನಿಗೆ ಅರ್ಧ ಗುಣವಾಯಿತು. ಆದರೆ ಆ ಸುಖ ಬೇಕೆಂದರೆ ಅದೇ ಗುಡುಗಿನ ಕಾಲು ಹಿಡಿಯಬೇಕು.

ಗಾಲಿಕುರ್ಚಿ ಹುಡುಕಿ ಹೊರಟರು. ತಳ್ಳಿದವನು ಭುಜ, ಅದೂ ಒಂದೇ ಕೈಯಲ್ಲಿ. ಕುರ್ಚಿ ಗಾಣದ ಎತ್ತಿನ ಹಾಗೆ ಎಡಕ್ಕೇ ತಿರುಗುತ್ತಿತ್ತು. ಮೊದಲು ಅಡುಗೆಮನೆಗೆ ನುಗ್ಗಿತು. ಅಲ್ಲಿಂದ ಬೈಸಿಕೊಂಡು ಹೊರಬಿದ್ದರೆ ಕ್ಷೌರದ ಕೋಣೆ. ದಾರಿ ತೋರಿಸುತ್ತೇನೆಂದು ಕುಂಟುತ್ತ ಬಂದ ಮಂಡಿ ಬಲಕ್ಕೆ ಅನ್ನಬೇಕಾದಾಗಲೆಲ್ಲ ಎಡಕ್ಕೆ ಅಂದ. ಮೈದಾನ ಸೇರುವಾಗ ಐದಕ್ಕೆ ಹತ್ತು ನಿಮಿಷ.

ಅಲ್ಲಿದ್ದ ಮೇಷ್ಟ್ರ ಮುಂದೆ ಕಣಕಾಲು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ.

"ಯಾರೋ ರೈಟ್ ಹಾಕಿದ್ದು?" ಎಂದರು ಗುಡುಗು.

"ನಾನೇ ಸರ್."

"ಒಂಬತ್ತು ವಾರ ನಾನು ಗಂಟಲು ಹರ್ಕೊಂಡಿದ್ದು ನೀನು ಊರಿಗೆ ಹೋಗಿ ಕೂರೋಕಾ? ಇಡೀ ದಂಡಲ್ಲಿ ಬಿದ್ದು ಬಿದ್ದೂ ಎದ್ದವನು ನೀನೊಬ್ಬ ಕಣೋ ದಡ್ಡ."

ಹಾಗಂದವರೇ ಸಾಹೇಬರ ಕೋಣೆಯತ್ತ ಓಡಿದರು. ಊರನ್ನೆಲ್ಲ ಓಡಿಸಿದ ಮನುಷ್ಯ ತಾವೇ ಓಡಿದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಕಣಕಾಲಿನ ಕಣ್ಣು ತುಂಬಿ ಬಂತು.

ಏಳು ಗಂಟೆಗೆ ಗುಮಾಸ್ತ ವಾರ್ಡಿಗೆ ಬಂದು, "ಮಂಜೂರಾಯ್ತು. ಆರು ವಾರ ಹಾಯಾಗಿರು," ಎಂದ. ಕಣಕಾಲು ದಿಂಬಿಗೆ ತಲೆಯಿಟ್ಟ. ವಾರ್ಡು ತಣ್ಣಗಿತ್ತು. ಇಷ್ಟು ನೆಮ್ಮದಿ ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅಷ್ಟರಲ್ಲಿ ಇಬ್ಬರು ಸ್ಟ್ರೆಚರ್ ಹೊತ್ತು ತಂದು ಅವನ ಪಕ್ಕದ ಖಾಲಿ ಮಂಚಕ್ಕೆ ಒಬ್ಬರನ್ನು ಇಳಿಸಿದರು. ಪಾದದಿಂದ ಮಂಡಿಯವರೆಗೆ ಹೊಸ ಪ್ಲಾಸ್ಟರು. ಸಹಿ ಹಾಕಿ ಇಳಿಯುವಾಗ ಮೆಟ್ಟಿಲು ತಪ್ಪಿತಂತೆ. ಇವರಿಗೂ ಆರು ವಾರವಂತೆ.

"ಸರ್, ನನ್ನಿಂದ ನಿಮಗೆ..." ಎಂದು ಕಣಕಾಲು ತೊದಲಿದ.

"ಬಾಯಿ ಮುಚ್ಚು," ಎಂದರು ಗುಡುಗು. "ಮಲಗೋ ರೀತಿನೇನೋ ಇದು? ಹಿಮ್ಮಡಿ ಜೋಡಿಸು."

"ಒಂದೇ ಹಿಮ್ಮಡಿ ಸರ್ ಅಲ್ಲಾಡೋದು."

"ಇರೋದನ್ನ ನೆಟ್ಟಗೆ ಇಡು. ನಾಳೆ ಬೆಳಿಗ್ಗೆ ಐದಕ್ಕೆ ಮೂರೂ ಜನ ಎದ್ದಿರ್ಬೇಕು. ಕವಾಯತು ಕೈಬೆರಳಿಂದ ಶುರು ಮಾಡೋಣ."

ಮಂಡಿ, ಭುಜ ಇಬ್ಬರೂ ಒಟ್ಟಿಗೆ ಕಣಕಾಲಿನ ಕಡೆ ತಿರುಗಿ ನೋಡಿದರು. ಅವನು ಹಿಮ್ಮಡಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದ.