ಗಡಿಯಾರದ ಗೂಡು

ಶನಿವಾರ ಒಂದು ದಿನ ತಾನು ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ ಎಂದು ಅರ್ಮಾನ್ ಪ್ರೂ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಉತ್ತರ ಒಂಟಾರಿಯೋದ ನಮ್ಮೂರಲ್ಲಿ ಅಂಥ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ಹೇಳಿದರೆ ಜನರ ಕಿವಿಗೆ ಅದು 'ಶನಿವಾರ ಅರ್ಮಾನ್ ಬಿಡುವಾಗಿದ್ದಾನೆ' ಎಂದೇ ಬೀಳುತ್ತದೆ.

ನಮ್ಮಲ್ಲಿ ಗಣಿ ಮುಚ್ಚಿತು, ಕಾಗದದ ಕಾರ್ಖಾನೆ ಅರ್ಧ ಮುಚ್ಚಿತು, ಹೆಣ್ಣುಮಕ್ಕಳ ಬ್ರೂಮ್‌ಬಾಲ್ ಮಾತ್ರ ನಿಂತಿಲ್ಲ. ಮಂಜುಗಡ್ಡೆಯ ಮೇಲೆ ಬೂಟು ಹಾಕಿಕೊಂಡು, ಪೊರಕೆಯಂಥ ಕೋಲು ಹಿಡಿದು ಚೆಂಡು ಬಡಿಯುವವರು ಹುಡುಗಿಯರು. ತಗಡಿನ ಷೆಡ್ಡಿಗೆ ನೀರು ಹಾಯಿಸಿ ಗಡ್ಡೆ ಕಟ್ಟಿಸುವುದರಿಂದ ಹಿಡಿದು ಸೂಪು ಕಾಯಿಸುವವರೆಗೆ ಉಳಿದದ್ದೆಲ್ಲ ಅವರ ಅಪ್ಪ ಅಮ್ಮಂದಿರ ಪಾಲು. ಸಂಬಳ ಇಲ್ಲ, ಬೈಗುಳ ಧಾರಾಳವಾಗಿ ಸಿಗುತ್ತದೆ.

ಶಾಲಾ ಬಸ್ಸುಗಳ ಮೆಕ್ಯಾನಿಕ್ ಅರ್ಮಾನ್‌ಗೆ ಈ ಪಾಲಿನಲ್ಲಿ ದೊಡ್ಡ ತುಂಡೇ ಬಂದಿತ್ತು. ಮಗಳು ಜೋಜೇ ಒಂಬತ್ತು ವರ್ಷದವಳಾಗಿ ಕೋಲು ಹಿಡಿದಾಗಿನಿಂದ ಅವನು ಗಡಿಯಾರದ ಗೂಡಿನಲ್ಲಿ ಕೂತವನು; ಬೇರೆ ಮನೆಯವರೂ ತಮ್ಮ ಸರದಿಯನ್ನು ಮುಂಚೆಯೇ ಅವನ ಮೇಲೆ ಹೊರಿಸಿಬಿಡುತ್ತಿದ್ದರು. ಅಂಕಣದ ಅಂಚಿನಲ್ಲಿ ಪ್ಲೈವುಡ್ಡಿನ ಒಂದು ಗೂಡು, ಅದಕ್ಕೆ ಚೆಂಡು ಬಡಿದು ಬಡಿದು ಮಂಕಾದ ಒಂದು ಕಿಟಕಿ, ಒಳಗೆ ಎರಡು ಗುಂಡಿ: ಒಂದು ಗಡಿಯಾರಕ್ಕೆ, ಒಂದು ಹಾರನ್ನಿಗೆ. ರೆಫರಿ ಡ್ವೇನ್ ಕೈ ಎತ್ತಿದರೆ ಗಡಿಯಾರ ನಿಲ್ಲಿಸಬೇಕು, ಇಳಿಸಿದರೆ ಓಡಿಸಬೇಕು. ಕಣ್ಣು ಆ ಕೈಯಿಂದ ಚೂರು ಆಚೀಚೆ ಸರಿದರೂ ಸೋಲುತ್ತಿರುವ ತಂಡದ ತಾಯಂದಿರು ಬಂದು ಗೂಡಿನ ಬಾಗಿಲು ಬಡಿಯುತ್ತಿದ್ದರು. ಹಾಗಾಗಿ ನೂರು ಜನರ ಕೈಗಳ ನಡುವೆ ಡ್ವೇನನ ಕೈಯನ್ನು ಅರ್ಮಾನ್ ಗುರುತಿಸಬಲ್ಲವನಾಗಿದ್ದ. ತನ್ನ ಮಗಳು ಹೇಗೆ ಓಡುತ್ತಾಳೆಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಜೋಜೇ, "ನೋಡಿದ್ಯಾ ಅಪ್ಪ?" ಎಂದು ಕೇಳುತ್ತಿದ್ದಳು. "ನೋಡ್ದೆ ಕಣಮ್ಮ, ಚೆನ್ನಾಗಿತ್ತು" ಎಂದು ಅವನು ಆಲೂಗಡ್ಡೆಯ ಜೊತೆಗೆ ಸುಳ್ಳನ್ನೂ ನುಂಗುತ್ತಿದ್ದ. ಮೊದಲ ಸಲ ಗಂಟಲಲ್ಲಿ ಸಿಕ್ಕಿತು. ಆಮೇಲೆ ಅಭ್ಯಾಸವಾಯಿತು. ಇಡೀ ಷೆಡ್ಡಿನಲ್ಲಿ ಅಪ್ಪನ ಜಾಗವೇ ಎಲ್ಲಕ್ಕಿಂತ ಒಳ್ಳೆಯದು, ಅಲ್ಲಿಂದ ತನ್ನ ಒಂದೊಂದು ಹೆಜ್ಜೆಯೂ ಕಾಣುತ್ತದೆ ಎಂದು ಹುಡುಗಿ ನಂಬಿದ್ದಳು.

ಈ ಶನಿವಾರ ಅವಳ ಕೊನೆಯ ಆಟ. ವಸಂತಕ್ಕೆ ಹದಿನೆಂಟು ತುಂಬುತ್ತದೆ, ಹದಿನೆಂಟಾದವರಿಗೆ ಲೀಗಿನಲ್ಲಿ ಜಾಗವಿಲ್ಲ. ಒಂದು ಸಲವಾದರೂ ನಿಜವಾಗಿ ನೋಡಿ, ಒಂದು ಸಲವಾದರೂ ನಿಜ ಹೇಳಬೇಕು ಎಂದು ಅರ್ಮಾನ್ ತೀರ್ಮಾನಿಸಿದ. ಗೂಡಿನ ಸರದಿ ಅಂದೂ ಅವರ ಮನೆಯದೇ ಇತ್ತು. ಹೆಂಡತಿ ಲೀಸ್ ನರ್ಸು, ಅವಳಿಗೆ ಹಗಲು ಡ್ಯೂಟಿ. ಆದ್ದರಿಂದ ಬಾಮೈದ ಮಾರ್ಸೆಲ್‌ನನ್ನು ಒಪ್ಪಿಸಿ, ಡ್ವೇನನಿಗೆ ಮುಂಚಿತವಾಗಿ ತಿಳಿಸಿಯೂ ಆಯಿತು.

ಮುಂಚಿತವಾಗಿ ತಿಳಿಸಲೇಬೇಕಿತ್ತು, ಏಕೆಂದರೆ ನಿಯಮ ಹಾಗಿತ್ತು. ಸರದಿಯವರಾಗಲಿ ಅವರು ಒಪ್ಪಿಸಿದವರಾಗಲಿ ಬರದಿದ್ದರೆ ಆ ಮನೆಯ ಹುಡುಗಿಯೇ ಆಟ ಬಿಟ್ಟು ಗೂಡಿನಲ್ಲಿ ಕೂರಬೇಕು. ಬೇರೆ ಯಾರೂ ಕನಿಕರಪಟ್ಟು ಅವಳ ಬದಲು ಕೂರುವಂತಿಲ್ಲ. ಈ ನಿಯಮ ಮಾಡಿದವನು ಅರ್ಮಾನನೇ. ಅಪ್ಪಂದಿರೆಲ್ಲ ಸರದಿ ತಪ್ಪಿಸಿ ಸರೋವರದ ಮೇಲೆ ಮೀನು ಹಿಡಿಯಲು ಕೂರುತ್ತಿದ್ದ ಕಾಲ ಅದು. ಮೊದಲ ಚಳಿಗಾಲದಲ್ಲೇ ಅಡುಗೆ ನೋಡಿಕೊಳ್ಳುವ ಐಲಾ ಕೊಸ್ಕಿಯ ಮಗಳು ಅದಕ್ಕೆ ಸಿಕ್ಕಿಬಿದ್ದಳು. ಪಾಪದ ಹುಡುಗಿ, ಗೂಡಿನಲ್ಲಿ ಮೂಗು ಕೆಂಪಗೆ ಮಾಡಿಕೊಂಡು ಇಡೀ ಆಟ ಗುಂಡಿ ಒತ್ತಿದಳು. "ನಿಯಮ ಅಂದ್ರೆ ನಿಯಮ" ಎಂದಿದ್ದ ಅರ್ಮಾನ್. ಆಮೇಲೆ ಯಾರೂ ತಪ್ಪಿಸಿಕೊಂಡಿರಲಿಲ್ಲ.

ಶನಿವಾರ ಬೆಳಗ್ಗೆ ಮೊದಲ ಫೋನು ಐಲಾಳದೇ. ಷೆಡ್ಡಿನ ಅಡುಗೆಮನೆಯ ಬೀಗ ಹೆಪ್ಪುಗಟ್ಟಿ ಕೀಲಿ ತಿರುಗುತ್ತಿಲ್ಲ, ಬಟಾಣಿ ಸೂಪಿನ ಹಂಡೆ ಹೊರಗೇ ನಿಂತಿದೆ, ಇವತ್ತು ನಿನಗೆ ಕೆಲಸವಿಲ್ಲ ಎಂದು ಕೇಳಿದೆ, ಬರುತ್ತೀಯಾ ಎಂದು. ಅರ್ಮಾನ್ ಹೆಂಡತಿಯ ಕೂದಲು ಒಣಗಿಸುವ ಯಂತ್ರ ಹಿಡಿದು ಹೋದ. ಅದರ ವೈರು ಮೊಳದುದ್ದ, ಪ್ಲಗ್ಗು ಇದ್ದದ್ದು ಗೋಡೆಯ ಆ ತುದಿಯಲ್ಲಿ. ಸುತ್ತ ನೋಡಿದ. ಆಗತಾನೇ ಬಂದು ನಿಂತ ಮಾರ್ಸೆಲ್‌ನ ಟ್ರಕ್ಕಿಗೆ ಉದ್ದನೆಯ ವೈರಿನಲ್ಲಿ ಕರೆಂಟು ಹೋಗುತ್ತಿತ್ತು. ಮೈ ಮರಗಟ್ಟಿಸುವ ಚಳಿಯಲ್ಲಿ ಎಂಜಿನ್ ಕಲ್ಲಾಗದಿರಲೆಂದು ನಾವೆಲ್ಲ ನಿಂತ ಗಾಡಿಗೆ ಹೀಗೆ ಕರೆಂಟು ಉಣಿಸುತ್ತೇವೆ. ಐದು ನಿಮಿಷಕ್ಕೆ ಏನಾಗುತ್ತದೆ ಎಂದು ಅರ್ಮಾನ್ ಆ ವೈರು ಕಿತ್ತುಕೊಂಡ. ಬೀಗ ಬಿಸಿಯಾಯಿತು, ಬಾಗಿಲು ತೆರೆಯಿತು, ಎಲ್ಲರೂ ಶಭಾಷ್ ಎಂದರು. ಆ ಸಂಭ್ರಮದಲ್ಲಿ ವೈರು ಬಾಗಿಲ ಬಳಿಯೇ ಉಳಿಯಿತು.

ಅಷ್ಟರಲ್ಲಿ ಡ್ವೇನ್ ಬಂದು, ಗೋಲಿನ ಮುಂದೆ ಗಡ್ಡೆ ಬಿರುಕು ಬಿಟ್ಟಿದೆ, ಯಾವಳದಾದರೂ ಕಾಲು ಸಿಕ್ಕರೆ ಮೂಳೆ ಉಳಿಯುವುದಿಲ್ಲ ಎಂದ. ಬಿರುಕು ಮುಚ್ಚುವುದರಲ್ಲಿ ಅರ್ಮಾನನನ್ನು ಮೀರಿಸುವವರಿಲ್ಲ. ಹಿಮ ತುರುಕಿ, ಅದರ ಮೇಲೆ ಬಿಸಿನೀರು ತೆಳ್ಳಗೆ ಸುರಿದು, ಹಲಗೆಯಿಂದ ಸವರಬೇಕು. ಅವನು ಐಲಾಳ ದೊಡ್ಡ ಕೆಟಲನ್ನೇ ಎತ್ತಿಕೊಂಡು ಹೋಗಿ ಗಡ್ಡೆಯ ಮೇಲಿಟ್ಟ. ಬಿಸಿ ಕೆಟಲು ಗಡ್ಡೆಯನ್ನು ಕರಗಿಸಿಕೊಂಡು ಒಳಕ್ಕೆ ಇಳಿದು, ತಣ್ಣಗಾಗಿ, ಅಲ್ಲೇ ಅಂಟಿಕೊಂಡಿತು. ಕಿತ್ತಾಗ ತಳ ಅಲ್ಲೇ ಉಳಿಯಿತು. ತಳ ಬಿಡಿಸಲು ಇನ್ನೊಂದು ತಾಸು ಹಿಡಿಯಿತು, ಬಿರುಕಿಗಿಂತ ದೊಡ್ಡ ಗುಂಡಿ ಮುಚ್ಚಬೇಕಾಯಿತು.

"ನಾಲ್ಕೂರಿನ ಜನ ಚಹಾ ಕೇಳ್ತಾರೆ. ತಳ ಇಲ್ಲದ ಕೆಟಲಿನಲ್ಲಿ ನಿನ್ನ ತಲೆ ಕಾಯಿಸ್ಲಾ?" ಎಂದಳು ಐಲಾ.

ಚರ್ಚಿನಲ್ಲಿ ಚಹಾದ ಹಂಡೆ ಇದೆ, ಮಾರ್ಸೆಲ್ ಸುಮ್ಮನೆ ನಿಂತಿದ್ದಾನೆ, ಅವನನ್ನು ಕಳಿಸು ಎಂದು ಸಲಹೆ ಕೊಟ್ಟವನೂ ಅರ್ಮಾನನೇ. ಆಟಕ್ಕೆ ಇನ್ನೂ ಹೊತ್ತಿತ್ತು. ಮಾರ್ಸೆಲ್‌ನ ಟ್ರಕ್ಕು ಮುದುಕನ ಹಾಗೆ ಕೆಮ್ಮುತ್ತಾ ಹೊರಟಿತು. ಆ ಕೆಮ್ಮು ಮೆಕ್ಯಾನಿಕ್ ಅರ್ಮಾನನ ಕಿವಿಗೆ ಬಿತ್ತು, ಆದರೆ ಇಂದು ತಾನು ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲವಲ್ಲ ಎಂದು ಸುಮ್ಮನಾದ. ಇನ್ನು ಯಾರ ಕಾಟವೂ ಬೇಡವೆಂದು ಫೋನನ್ನೂ ಆರಿಸಿ ಜೇಬಿಗೆ ಹಾಕಿಕೊಂಡ. ಕೈ ತೊಳೆದ, ಕೂದಲು ಬಾಚಿದ, ಗ್ಯಾಲರಿಯ ಮೇಲಿನ ಸಾಲಿನಲ್ಲಿ ಹೋಗಿ ಕೂತ. ಇಷ್ಟು ವರ್ಷಗಳಲ್ಲಿ ಆ ಬೆಂಚು ಎಷ್ಟು ಗಟ್ಟಿ ಎಂದು ಅವನಿಗೆ ಗೊತ್ತಾದದ್ದು ಅಂದೇ.

ಹಾರನ್ ಕೂಗಿತು, ಆಟ ಶುರುವಾಯಿತು. ಹುಡುಗಿಯರೆಲ್ಲ ಒಂದೇ ಥರ: ತಲೆಗೆ ಹೆಲ್ಮೆಟ್ಟು, ಮುಖಕ್ಕೆ ಸರಳಿನ ಜಾಲರಿ. ಅರ್ಮಾನ್ ಜೋಜೇಯ ಏಳನೇ ನಂಬರು ಹುಡುಕಿ ಅದರ ಮೇಲೆ ಕಣ್ಣು ನೆಟ್ಟ. ಅಬ್ಬಾ, ಆ ಹುಡುಗಿ ಓಡುತ್ತಿದ್ದ ರೀತಿ. ಜಾರಿ ಬಿದ್ದರೆ ಬಿದ್ದಲ್ಲಿಂದಲೇ ಪುಟಿದು ಏಳುತ್ತಿದ್ದಳು, ತನಗಿಂತ ಎರಡರಷ್ಟಿದ್ದವರ ಸಂದಿನಿಂದ ನುಸುಳುತ್ತಿದ್ದಳು. ಕೋಲನ್ನು ಎಡಗೈಗೆ ತಂದು ಬೀಸಿದಳು. ಗೋಲು. ಅರ್ಮಾನ್ ಎದ್ದು ನಿಂತ. ಏನೋ ಕೂಗಿದ, ಏನೆಂದು ಅವನಿಗೂ ತಿಳಿಯಲಿಲ್ಲ.

ಪಕ್ಕದಲ್ಲಿ ಕೂತಿದ್ದವರು ಐಲಾಳ ಗಂಡ, ಮುದುಕ ಕೊಸ್ಕಿ. ಅವರ ತೋಳು ಹಿಡಿದು ಅರ್ಮಾನ್, "ನನ್ನ ಮಗಳು ಎಡಗೈಲಿ ಹೊಡೀತಾಳೆ ಅಂತ ನನಗೇ ಗೊತ್ತಿರ್ಲಿಲ್ಲ ಕಣ್ರೀ" ಎಂದ.

ಕೊಸ್ಕಿ ಅವನ ಮುಖವನ್ನು ಒಮ್ಮೆ ನೋಡಿದರು. ಬಾಯಿ ತೆರೆದರು. ಆಮೇಲೆ ಆ ಬಾಯಿಗೆ ಪಾಪ್‌ಕಾರ್ನ್ ಹಾಕಿಕೊಂಡರು.

ಅಂದು ಒಂದು ವಿಚಿತ್ರ ನಡೆಯಿತು. ಯಾರೂ ಅರ್ಮಾನನನ್ನು ಕರೆಯಲಿಲ್ಲ. ಎದುರಿಗೆ ಸಿಕ್ಕರೆ ಸಾಕು ಏನಾದರೊಂದು ಹೊರಿಸುವ ಜನ, ಅರ್ಧ ಆಟ ಮುಗಿದಾಗ ಅವನ ಪಕ್ಕದಿಂದಲೇ ಕಣ್ಣು ತಪ್ಪಿಸಿ ಹಾದುಹೋದರು. ಐಲಾ ಮೇಲೆ ಬಂದು ಒಂದು ಬಟ್ಟಲು ಸೂಪು ಕೊಟ್ಟು, ಅವನ ಭುಜವನ್ನು ಮೆಲ್ಲಗೆ ತಟ್ಟಿ ಹೋದಳು. ಕೆಟಲಿನ ಮಾತೇ ಎತ್ತಲಿಲ್ಲ. ನಮ್ಮೂರಿನವರೂ ಒಳ್ಳೆಯವರೇ ಎಂದುಕೊಂಡು ಅರ್ಮಾನ್ ಸೂಪು ಕುಡಿದ.

ಎರಡನೆಯ ಗೋಲಿಗೆ ಅವನು ಬೆಂಚಿನ ಮೇಲೆ ಹತ್ತಿ ಕುಣಿದ. ಮಾರ್ಸೆಲ್‌ನ ಉಪಕಾರ ನೆನಪಾಗಿ ಮಂಕು ಕಿಟಕಿಯ ಕಡೆ ಟೋಪಿ ಬೀಸಿದ. ಗೂಡಿನ ಒಳಗಿಂದ ಹಾರನ್ 'ಪೀಂ' ಎಂದು ಚಿಕ್ಕದಾಗಿ ಉತ್ತರ ಕೊಟ್ಟಿತು. ಮಾರ್ಸೆಲ್‌ಗೆ ಇವತ್ತು ಭಾರೀ ಹುರುಪು ಎಂದು ಅರ್ಮಾನ್ ಕೊಸ್ಕಿಯವರಿಗೆ ಹೇಳಿದ. ಕೊಸ್ಕಿ ಮತ್ತಷ್ಟು ಪಾಪ್‌ಕಾರ್ನ್ ತಿಂದರು.

ಆಟ ಮುಗಿಯಿತು, ಜೋಜೇಯ ತಂಡ ಗೆದ್ದಿತು. ಅರ್ಮಾನ್ ಮೆಟ್ಟಿಲಿಳಿದು, ತಾನು ಮುಚ್ಚಿದ ಗುಂಡಿಯ ಮೇಲೆಯೇ ಜಾರಿ ಬಿದ್ದು, ಎದ್ದು, ಏಳನೇ ನಂಬರನ್ನು ಬಿಗಿಯಾಗಿ ಅಪ್ಪಿಕೊಂಡ. "ನೋಡ್ದೆ ಕಣಮ್ಮ. ಈ ಸಲ ನಿಜವಾಗ್ಲೂ ನೋಡ್ದೆ" ಎಂದ. ಕಣ್ಣೀರು ಮೀಸೆಯ ತನಕ ಬಂದು ಅಲ್ಲೇ ಹೆಪ್ಪುಗಟ್ಟುತ್ತಿತ್ತು.

"ಅಂಕಲ್, ಉಸಿರು ಕಟ್ತಿದೆ" ಎಂದಿತು ಹೆಲ್ಮೆಟ್ಟು.

ಜಾಲರಿ ಮೇಲೆತ್ತಿದರೆ ಒಳಗಿದ್ದದ್ದು ಸೇಡಿ. ಕಿರಿಯರ ತಂಡದ, ಚೂಪು ಗಲ್ಲದ, ಎಡಗೈ ಹುಡುಗಿ.

ಅರ್ಮಾನ್ ಅವಳನ್ನು ಬಿಟ್ಟು ನಿಂತ. ಡ್ವೇನ್ ಹತ್ತಿರ ಬಂದು, ತಲೆ ತಗ್ಗಿಸಿ, ನಡೆದದ್ದನ್ನು ಹೇಳಿದ. ಮಾರ್ಸೆಲ್ ಬರಲೇ ಇಲ್ಲ. ಟ್ರಕ್ಕು ಚರ್ಚಿನ ಬಾಗಿಲಲ್ಲಿ ಕಲ್ಲಾಗಿ ಕೂತಿದೆ, ಪಾಪ ಅವನು ಅರ್ಮಾನ್‌ಗೆ ಮೇಲಿಂದ ಮೇಲೆ ಫೋನು ಮಾಡಿದ್ದಾನೆ. ಇದೊಂದು ದಿನ ನಿಯಮ ಬದಿಗಿಡೋಣ ಎಂದು ಡ್ವೇನನೇ ಹೇಳಿದನಂತೆ, ತಾನೇ ಕೂರುತ್ತೇನೆಂದು ಐಲಾ ಕೂಡ ಹೇಳಿದಳಂತೆ. ಜೋಜೇ ಒಪ್ಪಲಿಲ್ಲ. ಕೊಸ್ಕಿಯವರ ಮಗಳು ಕೂತಿದ್ದಳಲ್ಲ, ಈಗ ನಾನು ಕೂರದಿದ್ದರೆ ಅಪ್ಪನ ಮಾನ ಎಲ್ಲಿ ಉಳಿಯುತ್ತದೆ ಎಂದಳಂತೆ. ಏಳನೇ ನಂಬರಿನ ಅಂಗಿ ಬಿಚ್ಚಿ ಸೇಡಿಗೆ ಕೊಟ್ಟು, ಕೋಟು ತೊಟ್ಟು ಗೂಡಿಗೆ ಹೋದಳು.

"ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದ ಅರ್ಮಾನ್.

"ಹೇಳಿದ್ರೆ ನೀನು ಓಡಿ ಬಂದು ಮತ್ತೆ ಗೂಡಿಗೆ ಕೂರ್ತೀಯ ಅಂದ್ಲು. ಅಪ್ಪ ಯಾವತ್ತೂ ಆ ಬೆಂಚಲ್ಲಿ ಕೂತಿಲ್ಲ, ಅರ್ಧ ಆಟ ಆದ್ರೂ ಕೂರ್ಲಿ, ಅಷ್ಟರಲ್ಲಿ ಮಾವ ಬರ್ತಾರೆ, ಆಮೇಲೆ ನಾನು ಆಟಕ್ಕೆ ಇಳೀತೀನಿ ಅಂದ್ಲು. ಅರ್ಧ ಆಟ ಆದ್ಮೇಲೆ ನೋಡಿದ್ರೆ ನೀನು ಬೆಂಚಿನ ಮೇಲೆ ಹತ್ತಿ ಕುಣೀತಿದ್ದೆ. ನಮ್ಮಲ್ಲಿ ಯಾರಿಗೂ ಬಾಯಿ ಬರ್ಲಿಲ್ಲ ಮಾರಾಯ."

ಊರಿನ ಜನ ಒಂದೇ ಒಂದು ದಿನ ತಮ್ಮ ಪಾಡಿಗೆ ತಾವಿದ್ದರು, ಅದೂ ಆ ದಿನ. ಬೈಯಬೇಕೆಂದರೆ ಯಾರನ್ನು ಬೈಯುವುದು? ವೈರು ಕಿತ್ತವನು ಅವನು, ಕೆಟಲು ಒಡೆದವನು ಅವನು, ಫೋನು ಆರಿಸಿದವನು ಅವನು, ನಿಯಮ ಮಾಡಿದವನಂತೂ ಅವನೇ.

ಗೂಡಿನ ಬಾಗಿಲು ತೆರೆದು ಜೋಜೇ ಹೊರಬಂದಳು. ಬೆರಳುಗಳನ್ನು ಬಾಯಿಯ ಬಿಸಿಗೆ ಹಿಡಿದಿದ್ದಳು. ಅವಳು ಹಿಂತಿರುಗಿ ಆ ಮಂಕು ಕಿಟಕಿಯನ್ನು ನೋಡಿದಳು.

"ಅಪ್ಪ," ಎಂದಳು ಮೆಲ್ಲಗೆ, "ಇಲ್ಲಿಂದ ಆಟ ಕಾಣೋದೇ ಇಲ್ಲ."

ಅವನು ಬೂಟಿನ ತುದಿ ನೋಡುತ್ತಾ ನಿಂತ.

"ಡ್ವೇನ್ ಅಂಕಲ್ ಕೈ ಒಂದು ಕಾಣುತ್ತೆ. ಅಷ್ಟೇ. ಹತ್ತಿರ ಮುಖ ಇಟ್ಟು ಉಜ್ಜಿದ್ರೆ ಮೇಲಿನ ಬೆಂಚು ಚೂರು ಕಾಣುತ್ತೆ. ನೀನು ಟೋಪಿ ಬೀಸಿದ್ದು ಕಾಣಿಸ್ತು."

ಮಗಳಿಗೆ ಎಲ್ಲ ಗೊತ್ತಾಗಿಹೋಯಿತು. ಇಷ್ಟು ವರ್ಷದ 'ನೋಡ್ದೆ ಕಣಮ್ಮ'ಗಳೆಲ್ಲ ಒಟ್ಟಿಗೆ ಬಂದು ಗಂಟಲಲ್ಲಿ ನಿಂತವು. ಅವನಿಗೆ ಆಗ ಅನಿಸಿದ ದುಃಖವನ್ನು ಹೇಳುವುದು ಕಷ್ಟ. ಕಾಣದ ಆಟಕ್ಕಿಂತ, ಕಂಡೆನೆಂದು ಹೇಳಿದಾಗಲೆಲ್ಲ ಅರಳುತ್ತಿದ್ದ ಆ ಮುಖ ಅವನನ್ನು ಸುಟ್ಟಿತು.

ಈ ಹೊತ್ತಿನಲ್ಲೂ ಡ್ವೇನ್ ಸುಮ್ಮನಿರಲಾರದೆ ಒಂದು ಸಮಾಧಾನ ಹೇಳಿದ. ಮುಂದಿನ ಚಳಿಗಾಲದಿಂದ ನಿನ್ನ ಹುಡುಗಿ ಆಡುವುದಿಲ್ಲ, ಗ್ಯಾಲರಿಯಲ್ಲಿ ಕೂರಬೇಕೆಂಬ ಆಸೆಯೂ ಇರುವುದಿಲ್ಲ, ಹಾಗಾಗಿ ಗೂಡಿನ ಕೆಲಸ ಖಾಯಂ ಆಗಿ ನಿನಗೇ ಇರಲಿ ಎಂದು ಎಲ್ಲರೂ ಮಾತಾಡಿಕೊಂಡಿದ್ದೇವೆ ಎಂದ. ಅರ್ಮಾನ್ ತಲೆಯಾಡಿಸಿದ. ಯಾವುದಕ್ಕೆ ತಲೆಯಾಡಿಸಿದನೆಂದು ಅವನಿಗೆ ತಿಳಿದಿರಲಿಕ್ಕಿಲ್ಲ.

ಸಂಜೆ ಲೀಸ್ ಆಸ್ಪತ್ರೆಯಿಂದ ಬಂದಳು. ಐಲಾ ಕಳಿಸಿದ್ದ ಸೂಪನ್ನೇ ಬಡಿಸಿಕೊಂಡು ಮೂವರೂ ಕೂತರು. ಕೊನೆಯ ಆಟ ಹೇಗಾಯಿತು, ಅಪ್ಪ ಈ ಸಲ ಬೆಂಚಿನಲ್ಲಿ ಕೂತು ನೋಡಿದರಾ ಎಂದು ಲೀಸ್ ಮಗಳನ್ನು ಕೇಳಿದಳು.

ಅರ್ಮಾನ್ ಚಮಚ ಕೆಳಗಿಟ್ಟ. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಜೋಜೇ ರೊಟ್ಟಿಯ ತುಂಡನ್ನು ಮುರಿದು ಅಪ್ಪನ ತಟ್ಟೆಗೆ ಹಾಕಿದಳು.

"ನೋಡಿದ್ರು ಅಮ್ಮ" ಎಂದಳು. "ಪೂರ್ತಿ ನೋಡಿದ್ರು. ಚೆನ್ನಾಗಿತ್ತು."

ಹೇಳಿ, ಸೂಪಿನಲ್ಲಿದ್ದ ಆಲೂಗಡ್ಡೆಯ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡಳು. ಅದು ಅವಳ ಗಂಟಲಲ್ಲಿ ಸಿಕ್ಕಿದ್ದು ಅರ್ಮಾನ್‌ಗೆ ಕಾಣಿಸಿತು.